ಪಿ0420 ಕೋಡ್ ಬಂದಿದೆ: ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮೊದಲು ಏನೇನು ನೋಡಬೇಕು?

ತುಂಗಾತೀರ, ತೀರ್ಥಹಳ್ಳಿ (ಪ್ರಶ್ನೆ)

ಗಾಡಿ 2018ರ ಬಿಎಸ್4 ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, 84,000 ಕಿ.ಮೀ. ಓಡಿದೆ. ಚೆಕ್ ಎಂಜಿನ್ ದೀಪ ಹತ್ತಿದ್ದು ಆರುತ್ತಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0420 ಒಂದೇ ಕೋಡ್ ತೋರಿಸುತ್ತದೆ, ಅಂದರೆ ಕನ್ವರ್ಟರ್ ಒಳಗಿನ ಕ್ಯಾಟಲಿಸ್ಟ್ (ಹೊಗೆಯ ವಿಷ ಕಳೆಯುವ ಲೋಹದ ಲೇಪ) ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಆಗುಂಬೆ ಘಾಟಿ ಹತ್ತುವಾಗ ಪಿಕಪ್ ಮೊದಲಿನ ಹಾಗಿಲ್ಲ. ಎರಡನೇ ಗೇರಿನಲ್ಲಿ ಜೋರಾಗಿ ಎಕ್ಸಿಲರೇಟರ್ ಕೊಟ್ಟರೆ ಜರ್ಕ್ ಹೊಡೆಯುತ್ತದೆ.

ಬ್ಲೂಟೂತ್ ಸ್ಕ್ಯಾನರ್‌ನಲ್ಲಿ ಕಂಡದ್ದು: ಮುಂದಿನ ಆಕ್ಸಿಜನ್ ಸೆನ್ಸರ್ 0.1ರಿಂದ 0.8 ವೋಲ್ಟ್‌ವರೆಗೆ ಏರಿಳಿಯುತ್ತದೆ. ಹಿಂದಿನದೂ ಹೆಚ್ಚುಕಡಿಮೆ ಹಾಗೇ ಕುಣಿಯುತ್ತಿದೆ. ಐಡಲ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಪ್ಲಸ್ 12. ಒಂದು ಸರ್ವಿಸ್‌ನಿಂದ ಇನ್ನೊಂದರ ನಡುವೆ ಅರ್ಧ ಲೀಟರ್ ಎಂಜಿನ್ ಆಯಿಲ್ ಹಾಕಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಎರಡು ದಾರಿ ಹೇಳಿದರು. ಹೊಸ ಕನ್ವರ್ಟರ್ ಹಾಕುವುದು, ಇಲ್ಲವೇ ಇದನ್ನೇ ಕೊಯ್ದು ಒಳಗಿನ ಜೇನುಗೂಡು ತೆಗೆದು ಮತ್ತೆ ವೆಲ್ಡ್ ಮಾಡುವುದು. ಥಿನ್ನರ್ ಹಾಕಿ ತೊಳೆದರೆ ಸರಿಹೋಗುತ್ತದೆ ಅಂತಲೂ ಒಬ್ಬರು ಹೇಳುತ್ತಾರೆ. ಇದು ನಿಜಕ್ಕೂ ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಳಗಿನ ಲೋಹ ಏನು ಕೆಲಸ ಮಾಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

---

ಇಪ್ಪತ್ತೆರಡರ ಪಾನಾ, ಶಿವಮೊಗ್ಗ

ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ, ಕೊಯ್ಯಲಂತೂ ಬಿಡಲೇಬೇಡಿ. ಕನ್ವರ್ಟರ್ ತನ್ನಷ್ಟಕ್ಕೆ ತಾನು ಸಾಯುವುದು ಅಪರೂಪ. ಅದನ್ನು ಕೊಲ್ಲುವ ಕಾರಣ ಅದರ ಮುಂದೆ ಎಂಜಿನ್‌ನಲ್ಲಿ ಇರುತ್ತದೆ. ಅದನ್ನು ಹುಡುಕದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ, ಹಾಕಿದ ದುಡ್ಡೂ ಹೋಗುತ್ತದೆ.

ಪಿ0420 ಅಂದರೆ ಕನ್ವರ್ಟರ್ ಸತ್ತಿದೆ ಎಂದಲ್ಲ. ಮುಂದಿನ ಸೆನ್ಸರ್ ಕುಣಿದ ಹಾಗೆ ಹಿಂದಿನದೂ ಕುಣಿಯುತ್ತಿದೆ ಎಂದು ಇಸಿಯು (ಎಂಜಿನ್ ಕಂಪ್ಯೂಟರ್) ಹೇಳುತ್ತಿದೆ, ಅಷ್ಟೆ. ಒಳ್ಳೆಯ ಕ್ಯಾಟಲಿಸ್ಟ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಆದ್ದರಿಂದ ಹಿಂದಿನ ಸೆನ್ಸರ್ ಹತ್ತಿರ ಏರಿಳಿತ ಉಳಿಯುವುದಿಲ್ಲ, 0.6ರಿಂದ 0.75 ವೋಲ್ಟ್ ನಡುವೆ ನಿಂತಿರುತ್ತದೆ. ಹಿಂದಿನದು ಕುಣಿಯುವುದಕ್ಕೆ ಕ್ಯಾಟಲಿಸ್ಟ್ ಸವೆದಿರುವುದು ಒಂದು ಕಾರಣ. ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ, ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ಹೋಗುವುದು), ತಪ್ಪು ಮಿಶ್ರಣ ಇವೂ ಕಾರಣಗಳೇ.

ನೀವು ಕೊಟ್ಟ ಅಂಕಿಗಳಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಪ್ಲಸ್ 12 ಮೇಲೆ. ಎಂಜಿನ್ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು, ಶಾರ್ಟ್ ಮತ್ತು ಲಾಂಗ್ ಎರಡೂ ಟ್ರಿಮ್ ಕೂಡಿಸಿ ನೋಡಿ. ಅಲ್ಲಿ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಅಲ್ಲೂ 12 ಇದ್ದರೆ ಅಥವಾ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್ ಪ್ರೆಷರ್, ಫಿಲ್ಟರ್, ಇಂಜೆಕ್ಟರ್ ಕಡೆ ನೋಡಬೇಕು. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನಿಂದ, ಶೇ. 10 ಬೆರೆತ ಇ10ಗೆ ಹೋಲಿಸಿದರೆ, ಸುಮಾರು ಶೇ. 4ರಷ್ಟು ಟ್ರಿಮ್ ಏರುವುದು ಸಹಜ. ಆದರೆ ಅದು ಎಲ್ಲ ಆರ್‌ಪಿಎಂನಲ್ಲೂ ಒಂದೇ ಸಮ ಕಾಣಬೇಕು, ಐಡಲ್‌ನಲ್ಲಿ ಮಾತ್ರ ಅಲ್ಲ.

ಇನ್ನೊಂದು ಸೂಕ್ಷ್ಮ. ನಿಮ್ಮ ಎಂಜಿನ್‌ಗೆ ಏರ್ ಫ್ಲೋ ಸೆನ್ಸರ್ ಇಲ್ಲದೆ ಬರೀ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒಳಗಿನ ಒತ್ತಡ ಅಳೆಯುವುದು) ಇದ್ದರೆ (ಈ ಅಳತೆಯ ಬಹಳಷ್ಟು ಕಾರುಗಳಲ್ಲಿ ಹಾಗೇ), ಇನ್‌ಟೇಕ್ ಕಡೆಯ ಸೋರಿಕೆಯಿಂದ ಟ್ರಿಮ್ ಇಷ್ಟು ಏರುವುದಿಲ್ಲ, ಐಡಲ್ ಆರ್‌ಪಿಎಂ ಏರುತ್ತದೆ. ಐಡಲ್ ಸರಿಯಾಗೇ ಇದ್ದು ಟ್ರಿಮ್ ಮಾತ್ರ ಪ್ಲಸ್ 12 ಎಂದರೆ ಮೊದಲ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರಿನ ಹೊಗೆ ಕೂಡಿಸುವ ಕೊಳವೆ) ಗ್ಯಾಸ್ಕೆಟ್ ಮೇಲೆ. ಮುಂದಿನ ಸೆನ್ಸರ್‌ಗಿಂತ ಮೊದಲು ಸಣ್ಣ ಸೋರಿಕೆ ಇದ್ದರೆ, ಎರಡು ಸ್ಟ್ರೋಕ್ ನಡುವಿನ ಕಡಿಮೆ ಒತ್ತಡದಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನು ನೋಡಿ ಪೆಟ್ರೋಲ್ ಕಡಿಮೆಯಾಗಿದೆ ಎನ್ನುತ್ತದೆ, ಇಸಿಯು ನಂಬಿ ಜಾಸ್ತಿ ಸುರಿಯುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಹೋಗಿ ಉರಿಯುವುದು ಕನ್ವರ್ಟರ್ ಒಳಗೆ.

ಸೋರಿಕೆ ಹುಡುಕುವುದನ್ನು ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಿ. ಸ್ಟಾರ್ಟ್ ಆದ ಮೊದಲ ನಿಮಿಷ ಮ್ಯಾನಿಫೋಲ್ಡ್ ಹತ್ತಿರ ಟಿಕ್ ಟಿಕ್ ಸದ್ದು ಕೇಳಿಸಿ, ಬಿಸಿಯಾದಂತೆ ಲೋಹ ಹಿಗ್ಗಿ ಸದ್ದು ನಿಂತರೆ ಅದೇ ಸೋರಿಕೆ. ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಾಕಿದರೆ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಾಣುತ್ತದೆ. ಎಂಜಿನ್ ಆಫ್ ಇದ್ದಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಹಿಡಿದು, ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುತ್ತದೆ. ಮುಂದಿನ ಸೆನ್ಸರ್‌ನಿಂದ ಹಿಂದಿನ ಸೆನ್ಸರ್‌ವರೆಗಿನ ಪ್ರತಿ ಫ್ಲೇಂಜನ್ನೂ ನೋಡಿ. ನಮ್ಮ ಕಡೆ ಮಳೆಗಾಲದ ಕೆಸರು ಹಿಡಿದು ಫ್ಲೇಂಜ್ ಬೋಲ್ಟ್ ತುಕ್ಕು ತಿನ್ನುವುದು ಜಾಸ್ತಿ.

ಆಮೇಲೆ ಮಿಸ್ಸಿಂಗ್. ಘಾಟಿಯಲ್ಲಿ ಜರ್ಕ್ ಎಂದಿರಲ್ಲ, ಅದು ಲೋಡ್ ಬಿದ್ದಾಗ ಪ್ಲಗ್ ಅಥವಾ ಕಾಯಿಲ್ ಕೈಕೊಡುವ ಲಕ್ಷಣ. ಪ್ಲಗ್ ಬಿಚ್ಚಿ ಗ್ಯಾಪ್ ಅಳೆದು ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಿ. ಕಾಯಿಲ್‌ಗಳನ್ನು ಸಿಲಿಂಡರ್ ಅದಲುಬದಲು ಮಾಡಿದಾಗ ಮಿಸ್ಸಿಂಗ್ ಲೆಕ್ಕವೂ ಜೊತೆಗೇ ಜಾಗ ಬದಲಿಸಿದರೆ ಕಾಯಿಲ್ಲೇ ಕಳ್ಳ. ಇಲ್ಲಿ ಒಂದು ಹಳೆಯ ಅಭ್ಯಾಸ ಬಿಡಲೇಬೇಕು: ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡಲು ಓಡುತ್ತಿರುವ ಎಂಜಿನ್‌ನ ಪ್ಲಗ್ ಕ್ಯಾಪ್ ಅಥವಾ ಕಾಯಿಲ್ ಎಳೆಯುವುದು. ಕಿಡಿ ಇಲ್ಲದಿದ್ದರೂ ಇಂಜೆಕ್ಟರ್ ಪೆಟ್ರೋಲ್ ಬಿಡುತ್ತಲೇ ಇರುತ್ತದೆ, ಆ ಸಿಲಿಂಡರಿನ ಪೆಟ್ರೋಲ್ ಅಷ್ಟೂ ಹಸಿಯಾಗಿಯೇ ಕನ್ವರ್ಟರಿಗೆ ಹೋಗುತ್ತದೆ. ಬದಲಿಗೆ ಇಂಜೆಕ್ಟರ್‌ನ ಕನೆಕ್ಟರ್ ತೆಗೆಯಿರಿ. ಸಿಲಿಂಡರ್ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ.

ಕೊನೆಗೆ ಬ್ಲಾಕ್ ಆಗಿದೆಯೇ ಎಂಬ ಪರೀಕ್ಷೆ. ಮುಂದಿನ ಸೆನ್ಸರ್ ಬಿಚ್ಚಿ (ಸಾಮಾನ್ಯವಾಗಿ 22ರ ಪಾನಾ, ಎಂ18 ಥ್ರೆಡ್) ಆ ತೂತಿಗೆ ಬ್ಯಾಕ್ ಪ್ರೆಷರ್ ಗೇಜ್ ಕೂರಿಸಿ. ಐಡಲ್‌ನಲ್ಲಿ 1.5 ಪಿಎಸ್‌ಐ ಒಳಗೆ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಜೇನುಗೂಡು ಕರಗಿದೆ ಅಥವಾ ಒಡೆದು ಅಡ್ಡ ಬಿದ್ದಿದೆ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ, ಗಲಗಲ ಅಂದರೆ ಒಳಗೆ ಒಡೆದಿದೆ. ಇನ್‌ಫ್ರಾರೆಡ್ ಗನ್ ಹಿಡಿದು ಮುಂದೆ ಹಿಂದೆ ಉಷ್ಣತೆ ನೋಡುವ ಪದ್ಧತಿಯನ್ನು ನಂಬಬೇಡಿ. ಈಗಿನ ಎಂಜಿನ್‌ಗಳಲ್ಲಿ ಕನ್ವರ್ಟರ್‌ಗೆ ಬರುವ ಕೊಳಕೇ ಕಡಿಮೆ, ಕೆಲಸ ಮಾಡುವ ಕನ್ವರ್ಟರಿನಲ್ಲೂ ವ್ಯತ್ಯಾಸ ಕಾಣದೆ ಇರಬಹುದು.

---

ರಸಾಯನ ಪಾಠ, ಸಾಗರ

ಒಳಗಿನ ಲೋಹದ ಬಗ್ಗೆ ಕೇಳಿದ್ದೀರಿ. ಅದು ಗೊತ್ತಿದ್ದರೆ ಮೇಲಿನ ಪರೀಕ್ಷೆಗಳ ಅರ್ಥವೂ ಆಗುತ್ತದೆ.

ಪೆಟ್ರೋಲ್ ಎಂಜಿನ್ ಹೊರಬಿಡುವ ವಿಷಗಳು ಮುಖ್ಯವಾಗಿ ಮೂರು: ಅರೆ ಉರಿದದ್ದರಿಂದ ಬರುವ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ಸಿಲಿಂಡರಿನ ಕಡು ಬಿಸಿಯಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಹುಟ್ಟುವ ನೈಟ್ರೋಜನ್ ಆಕ್ಸೈಡ್. ಮೊದಲಿನ ಎರಡಕ್ಕೆ ಆಮ್ಲಜನಕ ಕೊಡಬೇಕು, ಮೂರನೆಯದರಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಒಂದೇ ಡಬ್ಬಿಯೊಳಗೆ ಎರಡೂ ಆಗಬೇಕಿರುವುದರಿಂದಲೇ ಇದು ಇಷ್ಟು ನಾಜೂಕಿನ ಕೆಲಸ.

ಪ್ಲಾಟಿನಂ ಮತ್ತು ಪಲ್ಲಾಡಿಯಂ ಮೇಲೆ ಆಮ್ಲಜನಕದ ಅಣು ಬಂದು ಕುಳಿತಾಗ ಎರಡು ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ. ಪಕ್ಕದಲ್ಲಿ ಅಂಟಿಕೊಂಡ ಕಾರ್ಬನ್ ಮಾನಾಕ್ಸೈಡ್ ಅದರಲ್ಲೊಂದನ್ನು ಸೇರಿಸಿಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ. ಲೋಹ ಖರ್ಚಾಗುವುದಿಲ್ಲ, ಜಾಗ ಖಾಲಿಯಾಗುತ್ತದೆ, ಮುಂದಿನ ಅಣು ಬರುತ್ತದೆ. ಈ ಮೇಲ್ಮೈ ಕ್ರಿಯೆಯ ಹಂತಗಳನ್ನು ಬಿಡಿಸಿ ತೋರಿಸಿದ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರ ರಸಾಯನಶಾಸ್ತ್ರದ ನೊಬೆಲ್ ಬಂತು. ನೈಟ್ರಿಕ್ ಆಕ್ಸೈಡ್ ವಿಷಯದಲ್ಲಿ ರೋಡಿಯಂಗೆ ಸಾಟಿಯಿಲ್ಲ. ಅದರ ಮೇಲೆ ಕುಳಿತ ನೈಟ್ರಿಕ್ ಆಕ್ಸೈಡ್‌ನಲ್ಲಿ ಸಾರಜನಕ ಮತ್ತು ಆಮ್ಲಜನಕದ ನಡುವಿನ ಬಂಧವೇ ಮುರಿಯುತ್ತದೆ. ಎರಡು ಸಾರಜನಕ ಪರಮಾಣು ಜೋಡಿಯಾಗಿ ಮಾಮೂಲಿ ಸಾರಜನಕವಾಗಿ ಹೊರಡುತ್ತವೆ. ಹಿಂದೆ ಉಳಿದ ಆಮ್ಲಜನಕವನ್ನು ಕಾರ್ಬನ್ ಮಾನಾಕ್ಸೈಡ್ ಬಂದು ಒಯ್ಯುತ್ತದೆ. ಅಂದರೆ ಒಂದು ವಿಷವೇ ಇನ್ನೊಂದು ವಿಷವನ್ನು ತೊಳೆಯುತ್ತದೆ. ಈ ವಿಷಯ ಎಷ್ಟು ಸಲ ಪಾಠ ಮಾಡಿದರೂ ನನಗೆ ಬೇಸರವಾಗಿಲ್ಲ.

ಇಷ್ಟೆಲ್ಲ ನಡೆಯುವುದು ಕೆಲವೇ ಗ್ರಾಂ ಲೋಹದಲ್ಲಿ. ಅದು ಸಾಲಬೇಕಾದರೆ ಹರಡಬೇಕು. ಕಾರ್ಡಿಯರೈಟ್ ಎಂಬ ಸೆರಾಮಿಕ್‌ನ ಜೇನುಗೂಡು, ಚದರ ಇಂಚಿಗೆ 400 ಅಥವಾ 600 ಕಿಂಡಿ, ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದರ ಮೇಲೆ ಗಾಮಾ ಅಲ್ಯುಮಿನಾದ ಲೇಪ. ಆ ಪುಡಿಯ ಒಂದು ಗ್ರಾಂನಲ್ಲಿ 100 ಚದರ ಮೀಟರಿಗೂ ಹೆಚ್ಚು ಮೇಲ್ಮೈ ಇರುತ್ತದೆ. ಆ ರಂಧ್ರಗಳಲ್ಲಿ ಲೋಹ ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಕುಳಿತಿರುತ್ತದೆ. ಜೊತೆಗೆ ಸೀರಿಯಂ ಮತ್ತು ಜಿರ್ಕೋನಿಯಂ ಆಕ್ಸೈಡ್. ಪೆಟ್ರೋಲ್ ಕಡಿಮೆಯಾದ ಗಳಿಗೆಯಲ್ಲಿ ಆಮ್ಲಜನಕ ಹೀರಿಟ್ಟುಕೊಂಡು, ಜಾಸ್ತಿಯಾದ ಗಳಿಗೆಯಲ್ಲಿ ಬಿಡುವುದು ಈ ಸೀರಿಯಾ. ಪಿ0420 ಅಳೆಯುವುದು ನೇರವಾಗಿ ಈ ಉಗ್ರಾಣವನ್ನೇ. ಲೋಹದ ಶಕ್ತಿಯನ್ನು ಇಸಿಯು ಅದರಿಂದ ಊಹಿಸುತ್ತದೆ.

ಮಿಶ್ರಣ ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿಗೆ ಒಂದು ಭಾಗದ ಹತ್ತಿರವೇ ಇರಬೇಕು. ಆ ಕಿರಿದಾದ ಪಟ್ಟಿಯೊಳಗೆ, ಬಿಸಿಯಾದ ಕನ್ವರ್ಟರ್ ಮೂರೂ ವಿಷಗಳನ್ನು ಶೇ. 90ಕ್ಕಿಂತ ಹೆಚ್ಚು ತೆಗೆಯುತ್ತದೆ. ಗಾಳಿ ಸ್ವಲ್ಪ ಜಾಸ್ತಿಯಾದರೆ ನೈಟ್ರೋಜನ್ ಆಕ್ಸೈಡ್ ಹಾಗೇ ಹೊರಗೆ, ಪೆಟ್ರೋಲ್ ಜಾಸ್ತಿಯಾದರೆ ಉಳಿದೆರಡು ಹೊರಗೆ. ಜಾನ್ ಮೂನಿ ಮತ್ತು ಕಾರ್ಲ್ ಕೀತ್ 1970ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಎಂಗೆಲ್‌ಹಾರ್ಡ್ ಕಂಪನಿಯಲ್ಲಿ ಈ ತ್ರಿವಿಧ ಕ್ಯಾಟಲಿಸ್ಟ್ ರೂಪಿಸಿದರೂ, ಆಕ್ಸಿಜನ್ ಸೆನ್ಸರ್ ಬಂದ ಮೇಲೆಯೇ ಅದು ಕಾರುಗಳಲ್ಲಿ ನೆಲೆಯಾದದ್ದು ಇದೇ ಕಾರಣಕ್ಕೆ.

ಕೆಡುವುದು ಹೇಗೆ? ಒಂದು, ಬಿಸಿ. 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕೆಲಸ ಶುರು, 400ರಿಂದ 800ರವರೆಗೆ ಸುಖ. 900 ದಾಟಿ ಬಹಳ ಹೊತ್ತು ನಿಂತರೆ ಲೋಹದ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಅಲ್ಯುಮಿನಾದ ರಂಧ್ರಗಳು ಕುಸಿಯುತ್ತವೆ. ತೂಕ ಅಷ್ಟೇ, ಮೇಲ್ಮೈ ಮಾತ್ರ ಹೋಯಿತು. ಮಿಸ್ಸಿಂಗ್ ಜೋರಾದರೆ ಸೆರಾಮಿಕ್ಕೇ ಕರಗುವ ಮಟ್ಟ, ಅಂದರೆ 1400 ಡಿಗ್ರಿಯ ಮೇಲಕ್ಕೂ ಹೋಗಬಹುದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಎಕ್ಸಿಲರೇಟರ್ ತಕ್ಷಣ ಬಿಡಬೇಕೆಂಬುದು ಇದಕ್ಕೇ.

ಎರಡು, ವಿಷ ತಾಗುವುದು. ಸೀಸ ಇದ್ದ ಪೆಟ್ರೋಲ್ ಲೋಹವನ್ನು ಮುಚ್ಚಿಬಿಡುತ್ತಿತ್ತು. ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸರಹಿತ ಪೆಟ್ರೋಲೂ ಜೊತೆಗೇ ಬರಬೇಕಾಯಿತು. 2000ದ ಹೊತ್ತಿಗೆ ದೇಶದಾದ್ಯಂತ ಸೀಸ ನಿಂತಿತು. ಗಂಧಕ ಬಿಎಸ್4ರಲ್ಲಿ 50 ಪಿಪಿಎಂ ಇದ್ದದ್ದು 2020ರ ಬಿಎಸ್6 ಇಂಧನದಲ್ಲಿ 10ಕ್ಕೆ ಇಳಿಯಿತು. ಈಗ ಉಳಿದ ದೊಡ್ಡ ಶತ್ರು ನಿಮ್ಮ ಎಂಜಿನ್ ಆಯಿಲ್‌ನಲ್ಲಿರುವ ರಂಜಕ ಮತ್ತು ಸತು. ಪೆಟ್ರೋಲ್ ಕಾರಿನ ಎಪಿಐ ಎಸ್‌ಎನ್ ಅಥವಾ ಎಸ್‌ಪಿ ದರ್ಜೆಯ 5ಡಬ್ಲ್ಯು-30 ಆಯಿಲ್‌ನಲ್ಲಿ ರಂಜಕಕ್ಕೆ ಶೇ. 0.08ರ ಮಿತಿ ಇದೆ. ಅರ್ಧ ಲೀಟರ್ ಎಂದರೆ ಸುಮಾರು 430 ಗ್ರಾಂ, ಅದರಲ್ಲಿ ರಂಜಕ 0.34 ಗ್ರಾಂ. ಅದರಲ್ಲೊಂದು ಪಾಲು ಪ್ರತಿ ಸರ್ವಿಸ್ ಅವಧಿಯಲ್ಲೂ ಕೆಲವೇ ಗ್ರಾಂ ಲೋಹವಿರುವ ಮೇಲ್ಮೈ ಮೇಲೆ ಕೂರುತ್ತದೆ. ಟ್ರ್ಯಾಕ್ಟರ್‌ಗೆ ತಂದಿಟ್ಟ 15ಡಬ್ಲ್ಯು-40 ಡೀಸೆಲ್ ಆಯಿಲ್ ಸುರಿದರೆ ರಂಜಕ ಇನ್ನೂ ಜಾಸ್ತಿ. ಆಯಿಲ್ ಎಲ್ಲಿಂದ ಉರಿಯುತ್ತಿದೆ ಎಂಬುದನ್ನು ಪಿಸಿವಿ (ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಇನ್‌ಟೇಕ್‌ಗೆ ಬಿಡುವ) ವಾಲ್ವ್‌ನಿಂದ ಶುರುಮಾಡಿ, ವಾಲ್ವ್ ಸೀಲ್, ರಿಂಗ್ ಎಂದು ಹುಡುಕಲೇಬೇಕು.

ಥಿನ್ನರ್ ಇವ್ಯಾವುದನ್ನೂ ಸರಿಮಾಡುವುದಿಲ್ಲ. ದಪ್ಪವಾದ ಕಣವನ್ನು ಅದು ಮತ್ತೆ ಚಿಕ್ಕದು ಮಾಡಲಾರದು, ಗಾಜಿನಂತೆ ಗಟ್ಟಿಯಾಗಿ ಕೂತ ರಂಜಕದ ಪದರವನ್ನು ಕರಗಿಸಲಾರದು. ಜೇನುಗೂಡಿನಲ್ಲಿ ಉಳಿದ ಥಿನ್ನರ್ ಎಂಜಿನ್ ಸ್ಟಾರ್ಟ್ ಆದಾಗ ಹೊತ್ತಿಕೊಳ್ಳುವ ಅಪಾಯ ಬೇರೆ.

---

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಧನ್ಯವಾದ. ನೋಡಿಸಿದ್ದು: 2500ರಲ್ಲಿ ಒಟ್ಟು ಟ್ರಿಮ್ ಪ್ಲಸ್ 3ಕ್ಕೆ ಇಳಿಯುತ್ತದೆ. ಮ್ಯಾನಿಫೋಲ್ಡ್‌ನ ಮೂರನೇ ಪೋರ್ಟ್ ಹತ್ತಿರ ಗ್ಯಾಸ್ಕೆಟ್ ಅಂಚಿನಲ್ಲಿ ಮಸಿ ಇದೆ. ಬ್ಯಾಕ್ ಪ್ರೆಷರ್ ಐಡಲ್‌ನಲ್ಲಿ 0.8, 2500ರಲ್ಲಿ 2 ಪಿಎಸ್‌ಐ. ಪ್ಲಗ್ ಗ್ಯಾಪ್ 1.1 ಇರಬೇಕಾದಲ್ಲಿ 1.4 ಮಿ.ಮೀ. ಆಗಿದೆ. ತಟ್ಟಿದರೆ ಸದ್ದಿಲ್ಲ. ಇನ್ನು ಮೂರು ಪ್ರಶ್ನೆ: ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಕನ್ವರ್ಟರಿಗೆ ಒಳ್ಳೆಯದೋ ಕೆಟ್ಟದ್ದೋ? ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ಇಳಿಸಿದರೆ ತೊಂದರೆಯೇ? ಮನೆಯಲ್ಲಿ ಡೀಸೆಲ್ ಬಿಎಸ್6 ಗಾಡಿಯೂ ಇದೆ, ಅದಕ್ಕೂ ಇದೇ ನಿಯಮವೇ?

---

ಡೀಸೆಲ್ ಕೈಪಿಡಿ, ಹೊಸನಗರ

ಡೀಸೆಲ್ ಭಾಗ ನಾನು ಹೇಳುತ್ತೇನೆ. ನಿಯಮ ಬೇರೆ. ಡೀಸೆಲ್ ಹೊಗೆಯಲ್ಲಿ ಯಾವಾಗಲೂ ಆಮ್ಲಜನಕ ಉಳಿದಿರುತ್ತದೆ, ಹಾಗಾಗಿ ಪೆಟ್ರೋಲಿನ ತ್ರಿವಿಧ ಕ್ಯಾಟಲಿಸ್ಟ್ ಅಲ್ಲಿ ನೈಟ್ರೋಜನ್ ಆಕ್ಸೈಡನ್ನು ಒಡೆಯಲಾರದು. ಕೆಲಸವನ್ನು ಹಂಚಿದ್ದಾರೆ. ಮೊದಲು ಡಿಒಸಿ (ಡೀಸೆಲ್ ಆಕ್ಸಿಡೇಷನ್ ಕ್ಯಾಟಲಿಸ್ಟ್), ಪ್ಲಾಟಿನಂ ಮತ್ತು ಪಲ್ಲಾಡಿಯಂ ಇರುವ ಭಾಗ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಉರಿಸುತ್ತದೆ. ಅದರ ಹಿಂದೆ ಡಿಪಿಎಫ್, ಅಂದರೆ ಮಸಿ ಸೋಸುವ ಫಿಲ್ಟರ್. ಇಲ್ಲಿ ಕಿಂಡಿಗಳ ತುದಿಯನ್ನು ಒಂದು ಬಿಟ್ಟು ಒಂದು ಮುಚ್ಚಿರುತ್ತಾರೆ, ಹೊಗೆ ಗೋಡೆಯ ಮೂಲಕವೇ ಸೋಸಿ ಹೋಗಬೇಕು, ಮಸಿ ಅಲ್ಲೇ ನಿಲ್ಲುತ್ತದೆ. ಅದು ತುಂಬಿದಾಗ ಇಸಿಯು ಹೆಚ್ಚುವರಿ ಡೀಸೆಲ್ ಬಿಟ್ಟು, ಡಿಒಸಿಯಲ್ಲಿ ಅದನ್ನು ಉರಿಸಿ, ಉಷ್ಣತೆಯನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸಿ ಮಸಿ ಸುಡುತ್ತದೆ. ಇದೇ ರೀಜನರೇಷನ್.

ತೋಟದಿಂದ ಪೇಟೆಗೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಇದು ಪೂರ್ತಿಯಾಗುವುದೇ ಇಲ್ಲ. ಅರ್ಧಕ್ಕೆ ನಿಂತಾಗ ಸಿಲಿಂಡರಿಗೆ ಬಿಟ್ಟ ಡೀಸೆಲ್ ಗೋಡೆ ತೊಳೆದು ಕೆಳಗಿನ ಆಯಿಲ್ ಸಂಪ್ ಒಳಗೆ ಇಳಿಯುತ್ತದೆ, ಆಯಿಲ್ ಮಟ್ಟ ಏರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಗರಿಷ್ಠ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಲೇಬೇಕು. ಐಡಲ್ ಏರಿ, ಫ್ಯಾನ್ ಜೋರಾಗಿ ಓಡುತ್ತಿದ್ದು, ಮೈಲೇಜ್ ತಟ್ಟನೆ ಇಳಿದಿದ್ದರೆ ರೀಜನರೇಷನ್ ನಡೆಯುತ್ತಿದೆ ಎಂದು ತಿಳಿದು ಎಂಜಿನ್ ಆಫ್ ಮಾಡದೆ ಇನ್ನಷ್ಟು ದೂರ ಓಡಿಸಿ. ವಾರಕ್ಕೊಮ್ಮೆ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ, 2000 ಆರ್‌ಪಿಎಂ ಮೇಲೆ ಓಡಿದರೆ ಬಹುತೇಕ ತೊಂದರೆ ತಪ್ಪುತ್ತದೆ.

ಎಸ್‌ಸಿಆರ್ (ನೈಟ್ರೋಜನ್ ಆಕ್ಸೈಡ್ ಕಳೆಯುವ ಬೇರೆ ಕ್ಯಾಟಲಿಸ್ಟ್) ಇರುವ ಗಾಡಿಯಾದರೆ ಅದಕ್ಕೆ ಹಾಕುವ ಡಿಇಎಫ್ ದ್ರವದ ವಿಷಯ ಮುಖ್ಯ. ಅದು ಶೇ. 32.5 ಯೂರಿಯಾ ಇರುವ ಶುದ್ಧ ದ್ರಾವಣ. ಬಿಸಿಯಲ್ಲಿ ಅಮೋನಿಯಾ ಆಗಿ, ಕ್ಯಾಟಲಿಸ್ಟ್ ಮೇಲೆ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ಸಾರಜನಕ ಮತ್ತು ನೀರಾಗುತ್ತದೆ. ಗೊಬ್ಬರದ ಚೀಲದ ಯೂರಿಯಾ ಕರಗಿಸಿ ಹಾಕಿದರಾಯಿತಲ್ಲ ಎಂಬ ಮಾತು ತೋಟದ ಕಡೆ ಕೇಳಿಬರುತ್ತದೆ. ದಯವಿಟ್ಟು ಮಾಡಬೇಡಿ. ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ಯೂರಿಯಾದಲ್ಲಿರುವ ಬೈಯುರೆಟ್ ಎಂಬ ಕಲ್ಮಶ, ಬಾವಿ ನೀರಿನ ಸುಣ್ಣ, ಎಲ್ಲ ಸೇರಿ ನಾಝಲ್ ಕಟ್ಟಿ, ಕ್ಯಾಟಲಿಸ್ಟ್ ಮುಖ ಮುಚ್ಚುತ್ತವೆ. ಐಎಸ್‌ಒ 22241 ಎಂದು ಬರೆದ ಸೀಲ್ ಮುರಿಯದ ಕ್ಯಾನ್ ಮಾತ್ರ ಕೊಳ್ಳಿ, ನೆರಳಿನಲ್ಲಿಡಿ, ಡೀಸೆಲ್ ಅಳೆದ ಫನಲ್‌ನಲ್ಲಿ ಸುರಿಯಬೇಡಿ.

---

ಇಪ್ಪತ್ತೆರಡರ ಪಾನಾ, ಶಿವಮೊಗ್ಗ

ತುಂಗಾತೀರ ಅವರೇ, ಬ್ಲಾಕ್ ಇಲ್ಲ, ಒಡೆದಿಲ್ಲ. ಗ್ಯಾಸ್ಕೆಟ್ ಸೋರಿಕೆ, ಸವೆದ ಪ್ಲಗ್ ಎರಡೂ ಸಿಕ್ಕಿವೆ. ಮೊದಲು ಇವನ್ನು ಮಾಡಿಸಿ. ಮ್ಯಾನಿಫೋಲ್ಡ್ ಬಿಚ್ಚಿದಾಗ ಅದರ ಮುಖದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಸೊಟ್ಟ ಆಗಿದೆಯೇ ನೋಡಿಸಿ. ಸೊಟ್ಟ ಇದ್ದರೆ ಹೊಸ ಗ್ಯಾಸ್ಕೆಟ್ ಕೂಡ ಕೆಲವೇ ತಿಂಗಳಲ್ಲಿ ಸೋರುತ್ತದೆ, ಫೇಸಿಂಗ್ ಹೊಡೆಸಬೇಕು. ಗ್ಯಾಸ್ಕೆಟ್ ಮತ್ತು ನಟ್ ಹೊಸದೇ ಹಾಕಿ, ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿ ಮಾಡಲಿ. ಅಲ್ಲಿ ಸಿಲಿಕೋನ್ ಪೇಸ್ಟ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ಹಾಳು ಮಾಡುತ್ತದೆ. ಆಕ್ಸಿಜನ್ ಸೆನ್ಸರ್ ವಾಪಸ್ ಹಾಕುವಾಗ ಥ್ರೆಡ್‌ಗೆ ಮಾತ್ರ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಬಳಿಯುವ ಪೇಸ್ಟ್), ತುದಿಗೆ ತಾಗಬಾರದು, 40ರಿಂದ 50 ನ್ಯೂಟನ್ ಮೀಟರ್ ಟಾರ್ಕ್.

ಘಾಟಿ ಇಳಿಯುವಾಗ ಗೇರಿನಲ್ಲೇ ಇಳಿಯಿರಿ. ಎಕ್ಸಿಲರೇಟರ್ ಬಿಟ್ಟಾಗ ಇಸಿಯು ಇಂಜೆಕ್ಟರ್ ಪೂರ್ತಿ ನಿಲ್ಲಿಸುತ್ತದೆ, ಬರೀ ಗಾಳಿ ಹೋಗುತ್ತದೆ, ಕನ್ವರ್ಟರಿಗೆ ಏನೂ ಆಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ, ಆಗುಂಬೆಯ ತಿರುವುಗಳಲ್ಲಿ ಬ್ರೇಕ್ ಕಾಯುವುದು ಅದಕ್ಕಿಂತ ದೊಡ್ಡ ಅಪಾಯ. ನೀರಿನ ವಿಷಯ: ಘಾಟಿ ಹತ್ತಿ ಕೆಂಪಗೆ ಕಾದ ಕನ್ವರ್ಟರ್ ತಕ್ಷಣ ಹಳ್ಳದಲ್ಲಿ ಮುಳುಗಿದರೆ ಸೆರಾಮಿಕ್ ಬಿರುಕು ಬಿಡಬಹುದು. ಕೆಸರೆರಚುವುದರಿಂದ ಏನೂ ಆಗದು, ಮುಳುಗುವುದೇ ಸಮಸ್ಯೆ. ಐದು ನಿಮಿಷ ನಿಲ್ಲಿಸಿ ದಾಟುವುದು ಒಳ್ಳೆಯದು. ಬೇಸಿಗೆಯಲ್ಲಿ ಇನ್ನೊಂದು ಎಚ್ಚರ, ತೋಟದ ದಾರಿಯಲ್ಲಿ ಒಣ ತರಗೆಲೆ ಅಥವಾ ಅಡಿಕೆ ಸಿಪ್ಪೆಯ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ. ಬ್ಯಾಟರಿ ಇಳಿದು ತಳ್ಳಿ ಸ್ಟಾರ್ಟ್ ಮಾಡುವಾಗ ಎರಡು ಮೂರು ಸಲದಲ್ಲಿ ಹಿಡಿಯದಿದ್ದರೆ ನಿಲ್ಲಿಸಿ. ಹಿಡಿಯದ ಪ್ರತಿ ಸಲವೂ ಹಸಿ ಪೆಟ್ರೋಲ್ ಜೇನುಗೂಡಿಗೆ ಹೋಗುತ್ತದೆ.

ಜೇನುಗೂಡು ತೆಗೆಸುವ ಸಲಹೆಗೆ ಬರುತ್ತೇನೆ. ಬ್ಲಾಕ್ ಆಗದ ಕನ್ವರ್ಟರ್ ತೆಗೆದರೆ ಪಿಕಪ್ ಹೆಚ್ಚುವುದಿಲ್ಲ. ನಿಮ್ಮ ಗೇಜ್ 2 ಪಿಎಸ್‌ಐ ತೋರಿಸುತ್ತಿದೆ, ತೆಗೆದು ಗಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಬಿಎಸ್4 ಪೆಟ್ರೋಲ್ ಗಾಡಿಗೆ ಎಮಿಷನ್ ಟೆಸ್ಟ್‌ನಲ್ಲಿ ಐಡಲ್ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಖಾಲಿ ಡಬ್ಬಿಯಲ್ಲಿ ಅದನ್ನು ಪ್ರಾಮಾಣಿಕವಾಗಿ ದಾಟುವುದು ಬಹಳ ಕಷ್ಟ. ಮಿತಿ ಮೀರಿದ ಹೊಗೆಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ದಂಡಕ್ಕಿಂತ ನನಗೆ ಸಂಕಟವಾಗುವುದು ಇನ್ನೊಂದಕ್ಕೆ: ಆ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮನೆಗೆ ಅಂಟಿಕೊಂಡ ಶೆಡ್‌ನಲ್ಲಿ ಮಳೆಗೆ ಬಾಗಿಲು ಹಾಕಿಕೊಂಡು ಗಾಡಿ ಬಿಸಿ ಮಾಡುವ ಊರು ನಮ್ಮದು. ಕನ್ವರ್ಟರ್ ಇದ್ದರೂ ತಣ್ಣಗಿರುವಾಗ ಅದು ಕೆಲಸ ಮಾಡುವುದಿಲ್ಲ, ಇಲ್ಲದಿದ್ದರಂತೂ ಕೇಳುವುದೇ ಬೇಡ. ಸದ್ದಿನ ಸೈಲೆನ್ಸರ್ ಹಾಕಿಸುವ ಬಿಎಸ್6 ಬೈಕ್‌ನವರಿಗೂ ಇದೇ ಮಾತು. ಅವರು ತೆಗೆದೆಸೆಯುವ ಕಂಪನಿ ಸೈಲೆನ್ಸರ್ ಜೊತೆ ಕ್ಯಾಟಲಿಸ್ಟೂ ಹೋಗುತ್ತದೆ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಟ್ರಿಮ್ ರೀಸೆಟ್ ಮಾಡಿ. ಇಸಿಯು ಕ್ಯಾಟಲಿಸ್ಟನ್ನು ಮತ್ತೆ ಪರೀಕ್ಷಿಸುವವರೆಗೆ ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ "ಅಪೂರ್ಣ" ಎಂದೇ ತೋರಿಸುತ್ತದೆ, ಆಗ ದೀಪ ಇಲ್ಲ ಅಂತ ಗೆದ್ದೆವು ಅನ್ನಬೇಡಿ. ಬೆಳಿಗ್ಗೆ ತಣ್ಣಗಿನ ಎಂಜಿನ್‌ನಿಂದ ಹೊರಟು, ಮಂಡಗದ್ದೆ, ಗಾಜನೂರು ಕಡೆ ರಸ್ತೆ ಖಾಲಿ ಇರುವಲ್ಲಿ 60ರಿಂದ 70ರ ವೇಗವನ್ನು ಹದಿನೈದು ನಿಮಿಷ ಒಂದೇ ಸಮ ಹಿಡಿಯಿರಿ, ನಡುವೆ ಬ್ರೇಕ್ ಒತ್ತದೆ ಗೇರಿನಲ್ಲೇ ನಿಧಾನವಾಗಲು ಒಂದೆರಡು ಸಲ ಬಿಡಿ. ಮಾನಿಟರ್ ಪೂರ್ತಿಯಾಗಿ, ಹಿಂದಿನ ಸೆನ್ಸರ್ 0.6ರ ಮೇಲೆ ನಿಂತರೆ ಕನ್ವರ್ಟರ್ ಬದುಕಿದೆ.

ಟ್ರಿಮ್ ಸರಿಹೋಗಿ, ಮಿಸ್ಸಿಂಗ್ ಸೊನ್ನೆಯಾದ ಮೇಲೂ ಪಿ0420 ಮರಳಿ ಬಂದರೆ ಆಗ ಕ್ಯಾಟಲಿಸ್ಟ್ ಸವೆದದ್ದೇ ಸರಿ. ಆಯಿಲ್ ಉರಿಯುವುದನ್ನು ನಿಲ್ಲಿಸಿ ಆಮೇಲೆ ಹೊಸದು ಹಾಕಿಸಿ. ನಿಮ್ಮ ಎಂಜಿನ್ ಮಾದರಿಯ ಪಾರ್ಟ್ ನಂಬರ್ ಇರುವುದನ್ನೇ ಕೇಳಿ. ತೀರಾ ಅಗ್ಗದ, ಎಲ್ಲ ಗಾಡಿಗೂ ಆಗುತ್ತದೆ ಎನ್ನುವ ಡಬ್ಬಿಗಳಲ್ಲಿ ಲೋಹ ಮತ್ತು ಸೀರಿಯಾ ಕಡಿಮೆ, ಕೋಡ್ ಬೇಗ ವಾಪಸಾಗುತ್ತದೆ. ಹಳೆಯದನ್ನು ಗ್ಯಾರೇಜಿನಲ್ಲಿ ಸುಮ್ಮನೆ ಬಿಟ್ಟು ಬರಬೇಡಿ, ಅದರೊಳಗಿನ ಪಲ್ಲಾಡಿಯಂ, ರೋಡಿಯಂಗೆ ಬೆಲೆ ಇದೆ, ಬಿಲ್‌ನಲ್ಲಿ ಕಳೆಯಲು ಕೇಳಿ. ರಿಪೇರಿ ಮುಗಿದ ಮೇಲೆ 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಎರಡೂ ಸೆನ್ಸರ್‌ಗಳ ಗ್ರಾಫ್ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.